ನಿಮ್ಮ ತಮ್ಮ ಬಿಗಿದ ಬ್ರೇಕು

…ಅಯ್ಯೋ ಬೇಡ ಅತ್ತಿಗೆ, ಟೀ ಆಮೇಲೆ. ಮೊದಲು ಕೆಲಸ. ಟೀಗೆ ಕೂತ್ರೆ ಮಾತು, ಮಾತಿಗೆ ಕೂತ್ರೆ ನಾವಿಬ್ರೂ… ಗೊತ್ತಲ್ಲ! ನೀವು ಅಲ್ಲೇ ಮೆಟ್ಟಿಲ ಮೇಲೆ ಕೂತಿರಿ. ಬೆಳ್ಳುಳ್ಳಿ ಸುಲೀತಿದ್ರಲ್ಲ, ಸುಲೀರಿ. ಆ ಮರದ ತುಂಡು ಎರಡು ಈ ಕಡೆ ತಳ್ಳಿದ್ರೆ ಸಾಕು. ಹಾಂ, ಮುಂದಿನ ಚಕ್ರಕ್ಕೆ ಅಡ್ಡ ಕೊಡೋಕೆ. ಜಾಕ್ ಕೊಟ್ಟು ಎತ್ತಿದ ಮೇಲೆ ಇದು ಉರುಳಿ ನನ್ನ ಮೇಲೆ ಬಂತು ಅಂದ್ರೆ, ನಿಮ್ಮ ತಮ್ಮನಿಗೆ ನೀವು ಇನ್ನೊಂದು ಹೆಣ್ಣು ಹುಡುಕಬೇಕಾಗುತ್ತೆ.

ಯಾಕೆ ನಗ್ತೀರಿ? ಆಗ್ಲೇ ನೋಡಿಟ್ಟಿದ್ದೀರಾ?

ತಮಾಷೆ ಅತ್ತಿಗೆ, ತಮಾಷೆ. ಮುಖ ಯಾಕೆ ಹಾಗೆ ಮಾಡ್ಕೋತೀರಿ.

ಅವರೇ ಕಳಿಸಿದ್ದು ನನ್ನ. ಬರುವಾಗ್ಲೇ ಹೇಳಿದ್ನಲ್ಲ? ಸೊಂಟ ಹಿಡ್ಕೊಂಡಿದೆ ಅವರಿಗೆ. ಐದು ದಿನ ಆಯ್ತು, ಹಾಸಿಗೆ ಬಿಟ್ಟು ಎದ್ದಿಲ್ಲ. ನಿನ್ನೆ ಹಾಲಿನ ವ್ಯಾನಿನವನು ನಮ್ಮ ವರ್ಕ್‌ಶಾಪ್ ಮುಂದೆ ನಿಲ್ಲಿಸಿ, "ಅಕ್ಕಾ, ನಿಮ್ಮ ಅತ್ತಿಗೆಯವರ ಟ್ರ್ಯಾಕ್ಟರ್ ಹಿಂದಿನ ಚಕ್ರದಲ್ಲಿ ಹೊಗೆ ಬರ್ತಿತ್ತು, ದಾರೀಲಿ ನಿಲ್ಸಿ ನೀರು ಹುಯ್ತಾ ಇದ್ರು" ಅಂದ. ಒಳಗೆ ಹೋಗಿ ಇವರಿಗೆ ಹೇಳಿದೆ. "ಅಯ್ಯೋ, ನಮ್ಮಕ್ಕ!" ಅಂತ ಎದ್ದೇಬಿಟ್ರು ನೋಡಿ. ನಾನೇ ಹಿಡಿದು ಮಲಗಿಸಿದೆ. "ನೀವು ಬಿದ್ಕೊಳ್ಳಿ, ನಾನು ಹೋಗಿ ನೋಡ್ಕೊಂಡು ಬರ್ತೀನಿ" ಅಂತ ಟೂಲ್ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಇವತ್ತು ಮೊದಲ ಬಸ್ಸಿಗೇ ಹತ್ತಿದೆ.

ಏನೂ ಹೇಳಲ್ವಾ? ಸರಿ, ಬಿಡಿ.

ಮೊದಲು ಪೆಡಲ್ಲು. ಎಡಗಡೆ ಚಕ್ರಕ್ಕೊಂದು, ಬಲಗಡೆ ಚಕ್ರಕ್ಕೊಂದು. ರಸ್ತೆಗೆ ಇಳಿಸುವಾಗ ಎರಡನ್ನೂ ಸೇರಿಸಿ ಈ ಕೊಂಡಿ ಹಾಕ್ತೀರಿ ತಾನೇ? ಹಾಂ, ಹಾಕಿದೆ. ಆಮೇಲೆ… ಕೋಪ ಮಾಡ್ಕೋಬೇಡಿ, ಎಲ್ಲರನ್ನೂ ಕೇಳ್ತೀನಿ ಇದನ್ನ. ಪೆಡಲ್ ಮೇಲೆ ಕಾಲಿಟ್ಕೊಂಡೇ ಓಡಿಸೋ ಅಭ್ಯಾಸ ಇದೆಯಾ? ಬ್ರೇಕ್ ಬಿಸಿಯಾಗುತ್ತೆ ಅಂತ ಬರೋರಲ್ಲಿ ಅರ್ಧ ಜನ ಅಂಥವರೇ. ಕಾಲಿಗೆ ವಿಶ್ರಾಂತಿ ಅಂತೆ! ಅಲ್ಲಿ ಬ್ರೇಕ್ ಸಾಯ್ತಿರುತ್ತೆ, ಇವರ ಕಾಲಿಗೆ ವಿಶ್ರಾಂತಿ… ಇಲ್ಲ, ನಿಮ್ಮದು ಹಾಗಲ್ಲ. ಪೆಡಲ್ ಮೇಲಿನ ಗೆರೆಗಳು ಇನ್ನೂ ಸವೆದಿಲ್ಲ. ನಿಮ್ಮ ತಪ್ಪಿಲ್ಲ ಇದರಲ್ಲಿ.

ಒತ್ತಿ ಬಿಟ್ರೆ ಟಕ್ ಅಂತ ಮೇಲೆ ಬರುತ್ತೆ, ಸ್ಪ್ರಿಂಗೂ ಚೆನ್ನಾಗಿದೆ. ಆದ್ರೆ ಇಲ್ಲಿ ನೋಡಿ. ಕೈಯಲ್ಲಿ ಒತ್ತಿದ್ರೆ ಎರಡು ಬೆರಳಷ್ಟು ಸುಮ್ಮನೆ ಒಳಗೆ ಹೋಗಬೇಕು ಇದು. ಆಮೇಲೆ ಹಿಡೀಬೇಕು. ಇದು? ಕಲ್ಲು! ಕೂದಲೆಳೆಯಷ್ಟೂ ಅಲ್ಲಾಡಲ್ಲ.

"ಕಾಲಿಟ್ರೆ ನಿಲ್ಲುತ್ತೆ, ನನ್ನ ತಮ್ಮ ಬಿಗಿದ ಬ್ರೇಕು" ಅಂತ ಕಂಡವರ ಹತ್ರ ಎಲ್ಲ ಹೇಳ್ಕೊಂಡು ಬರ್ತೀರಲ್ಲ… ಅತ್ತಿಗೆ, ಇದು ಕಾಲಿಡೋಕೆ ಮುಂಚೇನೇ ಹಿಡ್ಕೊಂಡಿದೆ. ಹಿಡ್ಕೊಂಡೇ ಹೊಲ ಉಳ್ತಾ ಇದೆ, ಹಿಡ್ಕೊಂಡೇ ಸಂತೆಗೆ ಹೋಗಿ ಬರ್ತಾ ಇದೆ. ಪಾಪದ್ದು. ಡೀಸೆಲ್ ಎಷ್ಟು ಕುಡೀತಿದೆ ಅಂತ ನೋಡಿದ್ದೀರಾ? ನೋಡಿರ್ತೀರಿ. ಹೇಳಲ್ಲ. ತಮ್ಮನ ಮನಸ್ಸಿಗೆ ನೋವಾಗುತ್ತಲ್ಲ!

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನೀವು ಹೆತ್ತಿಲ್ಲ, ಎತ್ತಿ ಆಡಿಸಿದ್ದೀರಿ, ಅಷ್ಟೇ. ಅದಕ್ಕೇ ಇಷ್ಟು!

ನಾನೇನು ಕೆಟ್ಟದ್ದು ಹೇಳಿದೆ ಈಗ? ಸುಲೀರಿ, ಸುಲೀರಿ. ಅದೇ ಎಸಳನ್ನ ಎಷ್ಟೊತ್ತಿಂದ ಸುಲೀತಿದ್ದೀರಿ.

ಜಾಕ್ ಕೊಡ್ತೀನಿ… ಹೂಂ… ಹೂಂ… ಬೇಡ, ನೀವು ಬರಬೇಡಿ, ನನ್ನ ಕೈಗೇ ಅಭ್ಯಾಸ ಇದು. ನಮ್ಮಪ್ಪನ ವರ್ಕ್‌ಶಾಪಿನಲ್ಲಿ ಹುಟ್ಟಿ ಬೆಳೆದವಳು ನಾನು. ನಿಮ್ಮ ತಮ್ಮ ಬಂದಿದ್ದು ಆಮೇಲೆ, ಅಳಿಯನಾಗಿ. ಇಂಜಿನ್ ವಿಷಯಕ್ಕೆ ಬಂದ್ರೆ ಅವರನ್ನ ಮೀರಿಸೋರಿಲ್ಲ, ಅದನ್ನ ನಾನೂ ಒಪ್ತೀನಿ. ಸದ್ದು ಕೇಳಿಯೇ ಯಾವ ವಾಲ್ವು ಅಂತ ಹೇಳ್ತಾರೆ. ನಮ್ಮಪ್ಪನೇ ಬಾಯಿ ಬಿಟ್ಕೊಂಡು ನಿಂತಿದ್ರು. ಆದ್ರೆ ಬ್ರೇಕು… ಬ್ರೇಕು ಬೇರೆ ವಿದ್ಯೆ ಅತ್ತಿಗೆ. ಅಲ್ಲಿ ಬಿಗಿಯೋದಲ್ಲ ಕಷ್ಟ, ಬಿಡೋದು ಕಷ್ಟ.

ಎತ್ತಿದ್ದಾಯ್ತು. ಗೇರ್ ನ್ಯೂಟ್ರಲ್‌ನಲ್ಲಿದೆ. ಈಗ ನೋಡಿ, ಎಡಗಡೆ ಚಕ್ರ ತಿರುಗಿಸ್ತೀನಿ. ಬ್ರೇಕ್ ಬಿಟ್ಟಿದ್ರೆ ಇದು ಭಾರ ಇದ್ರೂ ಮೆಲ್ಲಗೆ ಬರಬೇಕು… ಉಹ್ಞೂಂ. ಕಾಲು ಕೊಟ್ಟು ತಳ್ಳಿದ್ರೂ ಕಾಲು ಸುತ್ತು ಹೋಗ್ತಿಲ್ಲ. ಕೇಳಿಸ್ತಾ, ಗರ್ ಅಂತ ಉಜ್ಜೋದು? ಬೆಳಿಗ್ಗೆ ಹಿಂದಿನ ಹೊಲಕ್ಕೆ ಹೋಗಿ ಬಂದ್ರಿ ಅಂದ್ರಲ್ಲ, ಬಿಸಿ ಇನ್ನೂ ಇರಬೇಕು. ಆ ಚೊಂಬು ನೀರು ಕೊಡಿ ಇಲ್ಲಿ. ಎಡಗಡೆ ಚಕ್ರದ ಬ್ರೇಕ್ ಡ್ರಮ್ಮಿಗೆ ಎರಡು ಹನಿ… ಚುಂಯ್! ನೋಡಿದ್ರಾ? ಬಲಗಡೆ… ಇದೂ ಚುಂಯ್, ಸ್ವಲ್ಪ ಸಣ್ಣಗೆ. ಎರಡೂ ಹಿಡೀತಿವೆ, ಎಡಗಡೆದು ಜಾಸ್ತಿ. ವಾಸನೆ ನೋಡಿ, ಬ್ರೇಕಿನೊಳಗಿನ ಲೈನಿಂಗ್ ಪಟ್ಟಿ ಸುಟ್ಟ ವಾಸನೆ. ಈ ವಾಸನೇಲಿ ಎಷ್ಟು ದಿನದಿಂದ ಓಡಾಡ್ತಿದ್ದೀರಿ ಅತ್ತಿಗೆ? ಒಂದು ಫೋನು ಮಾಡೋಕಾಗಲ್ವಾ, ನನಗೆ?

ನನಗೆ ಯಾಕೆ ಮಾಡ್ತೀರಿ. ಮಾಡಿದ್ರೆ ಅವರಿಗೆ. "ಭಾನುವಾರ ಬಾರೋ, ಗಾಡಿ ಸ್ವಲ್ಪ ನೋಡೋ." ಇವರು ಬೆಳಿಗ್ಗೇನೇ ಇಸ್ತ್ರಿ ಶರ್ಟ್ ಹಾಕ್ಕೊಂಡು ಹೊರಡೋರು. ಗ್ರೀಸ್ ಕೆಲಸಕ್ಕೆ ಇಸ್ತ್ರಿ ಶರ್ಟು! ಸಾಯಂಕಾಲ ಬಂದ್ರೆ ಮುಖದಲ್ಲಿ ಹೊಳಪು. "ಅಕ್ಕ ಹಾಗಂದ್ಲು, ಅಕ್ಕ ಹೀಗಂದ್ಲು, ಅಕ್ಕ ಬ್ರೇಕ್ ಒತ್ತಿ ನೋಡಿ, ನಿನ್ನಂಥ ಮೆಕ್ಯಾನಿಕ್ ಜಿಲ್ಲೇಲಿ ಇಲ್ಲ ಕಣೋ ಅಂದ್ಲು." ಒಂದು ಸಲ ಬಂದಾಗ ಶರ್ಟಿನ ಗುಂಡಿ ಬೇರೆ. ನಾನು ವಾರದಿಂದ ಹೊಲೀಬೇಕು ಹೊಲೀಬೇಕು ಅಂತಿದ್ದೆ, ನೀವು ಹೊಲಿದು ಕಳಿಸಿದ್ರಿ. ಅದೇ ಬಣ್ಣದ ದಾರದಲ್ಲಿ! ಆ ಗುಂಡಿ ಕಿತ್ತು ನಾನು ಮತ್ತೆ ಹೊಲಿದೆ, ಗೊತ್ತಾ ನಿಮಗೆ? ಕಪ್ಪು ದಾರದಲ್ಲಿ ಹೊಲಿದೆ. ಬಿಳಿ ಶರ್ಟಿಗೆ.

ನಗಿ, ನಗಿ. ನನಗೂ ಈಗ ನಗು ಬರುತ್ತೆ. ಆವತ್ತು ಬಂದಿರಲಿಲ್ಲ.

ಈಗ ತಪ್ಪು ಒಳಗಿದೆಯೋ ಹೊರಗಿದೆಯೋ ಅಂತ ನೋಡಬೇಕು. ಪೆಡಲಿಂದ ಡ್ರಮ್ಮಿಗೆ ಹೋಗೋ ರಾಡ್ ಇದೆಯಲ್ಲ, ಇದನ್ನ ಬಿಚ್ಚಿಬಿಡೋದು. ಬಿಚ್ಚಿದ ಮೇಲೂ ಚಕ್ರ ಹಿಡ್ಕೊಂಡೇ ಇದ್ರೆ ಕಾಯಿಲೆ ಡ್ರಮ್ಮಿನೊಳಗೆ. ತುಕ್ಕೋ, ಸ್ಪ್ರಿಂಗ್ ಮುರಿದಿರೋದೋ, ಏನೋ ಒಂದು. ಬಿಚ್ಚಿದ ತಕ್ಷಣ ಬಿಟ್ರೆ, ಕಾಯಿಲೆ ಬಿಗಿದವರ ಕೈಯಲ್ಲಿ… ಟಾರ್ಚ್ ಸ್ವಲ್ಪ ಹಿಡೀತೀರಾ? ಬೇಡ, ಬಾಯಲ್ಲಿ ಹಿಡ್ಕೋತೀನಿ.

…ಬಂತು. ರಾಡ್ ಬಿಟ್ಟೆ. ಈಗ ನೀವೇ ಚಕ್ರ ಮುಟ್ಟಿ. ತಳ್ಳಿ, ಪರವಾಗಿಲ್ಲ. ಹೇಗೆ ಬಂತು? ಒಂದೇ ಕೈಯಲ್ಲಿ! ಒಳಗೆ ಏನೂ ಆಗಿಲ್ಲ ಅತ್ತಿಗೆ. ಲೈನಿಂಗ್ ಸ್ವಲ್ಪ ಸುಟ್ಟಿದೆ, ಇನ್ನೊಂದು ವರ್ಷ ಬರುತ್ತೆ. ಗಾಡಿ ಪಾಪ ಗಟ್ಟಿಯಾಗೇ ಇದೆ. ರಾಡಿನ ನಟ್ಟು ಅತಿಯಾಗಿ ಬಿಗಿದಿದ್ದಾರೆ, ಅಷ್ಟೇ. ಬಿಗಿದ್ರೆ ಉಜ್ಜುತ್ತೆ, ಉಜ್ಜಿದ್ರೆ ಕಾಯುತ್ತೆ, ಕಾದ್ರೆ ಲೈನಿಂಗ್ ಉಬ್ಬುತ್ತೆ, ಉಬ್ಬಿದ್ರೆ ಇನ್ನೂ ಉಜ್ಜುತ್ತೆ.

ನಿಲ್ಲಿ. ನಿಲ್ಲಿ ಒಂದು ನಿಮಿಷ.

ಈ ಪಿನ್ನು ಹೊಸದು.

ರಾಡಿನ ಕೊನೇಲಿ ಸಿಕ್ಕಿಸೋ ಸ್ಪ್ಲಿಟ್ ಪಿನ್ನು ಇದು. ಇಲ್ಲಿ ನೋಡಿ, ನನ್ನ ಅಂಗೈಲಿ. ಎಲ್ಲರೂ ಇದರ ಒಂದು ಕಾಲನ್ನ ಈ ಕಡೆ, ಇನ್ನೊಂದನ್ನ ಆ ಕಡೆ ಬಗ್ಗಿಸ್ತಾರೆ. ಎರಡೂ ಕಾಲು ಒಂದೇ ಕಡೆ ಮಡಚೋರು ಭೂಮಿ ಮೇಲೆ ಒಬ್ಬರೇ. ಎಷ್ಟು ಸಲ ಹೇಳಿದ್ದೀನಿ, ಕೇಳಲ್ಲ. ಲಾಕ್ ನಟ್ಟೂ ಹೊಳೀತಿದೆ, ಸುತ್ತ ವರ್ಷದ ಕೊಳೆ, ಇದೊಂದು ಮಾತ್ರ ಉಜ್ಜಿದ ಹಾಗೆ. ಮೊನ್ನೆ ಮಳೆ ಬಂತಲ್ಲ? ಈ ಶೆಡ್ಡು ಸೋರುತ್ತೆ. ಮಳೆಗಿಂತ ಮುಂಚೆ ಹಾಕಿದ ಪಿನ್ನಾಗಿದ್ರೆ ಒಂದು ತುಕ್ಕಿನ ಚುಕ್ಕೆಯಾದ್ರೂ ಇರ್ತಿತ್ತು. ಇಲ್ಲ. ಸೂಜಿ ಹಾಗಿದೆ. ನಿನ್ನೆದು. ಹೆಚ್ಚೆಂದ್ರೆ ಮೊನ್ನೆ ಸಾಯಂಕಾಲದ್ದು.

ಯಾರು ಬಂದಿದ್ರು ಅತ್ತಿಗೆ?

ಬೇರೆ ಯಾರೋ ಮೆಕ್ಯಾನಿಕ್ಕಾ? ಹೇಳಿ, ಯಾರೋ ಬೇರೆಯವರು ಅಂತಾದ್ರೂ ಹೇಳಿ! ನಾನು ನಂಬ್ತೀನಿ. ತಲೆ ಬಗ್ಗಿಸ್ಕೊಂಡು ಕೂತ್ರೆ ಏನರ್ಥ?

ನೀವು… ಬೆಳಿಗ್ಗೆಯಿಂದ ನೀವು ಒಂದು ಮಾತು ಕೇಳಲಿಲ್ಲ.

ಈಗ ಹೊಳೀತಿದೆ ನನಗೆ. ಬಂದಾಗಿನಿಂದ ಸೊಂಟ ಸೊಂಟ ಅಂತ ಬಡ್ಕೊಂಡೆ. ಐದು ದಿನದಿಂದ ಎದ್ದಿಲ್ಲ ಅಂದೆ. ಅವರು ಒಂದು ಸೀನು ಸೀನಿದ್ರೆ ಮೂರು ಸಲ ಫೋನ್ ಮಾಡೋರು ನೀವು. ಬೆರಳಿಗೆ ಮುಳ್ಳು ಚುಚ್ಚಿದ್ರೆ ಬಸ್ಸು ಹತ್ತಿ ಬರೋರು. "ಹೇಗಿದೆ ಈಗ, ಡಾಕ್ಟರಿಗೆ ತೋರಿಸಿದ್ರಾ" ಅಂತ ಕೂಡ ಬಾಯಿ ಬಿಡಲಿಲ್ಲ. ಬಾಯಿ ಬಿಟ್ರೆ ಬಣ್ಣಗೇಡು ಅಂತ ಸುಮ್ಮನೆ ಕೂತ್ರಿ. ನಾನು ಸುಳ್ಳು ಹೇಳ್ತಿದ್ದೀನಿ ಅಂತ ನಿಮಗೆ ನಾನು ಗೇಟ್ ತೆಗೆದಾಗಲೇ ಗೊತ್ತಿತ್ತು. ಬಣ್ಣ ಬಣ್ಣವಾಗಿ ಹೇಳಿದ್ದೀನಿ ಬೇರೆ, ಎದ್ರು, ಹಿಡಿದು ಮಲಗಿಸಿದೆ… ಥೂ.

ಹೌದು. ಅವರು ಮನೇಲಿಲ್ಲ. ಸೊಂಟಾನೂ ಇಲ್ಲ, ಗಿಂಟಾನೂ ಇಲ್ಲ. ಐದು ದಿನ ಆಯ್ತು ಮನೆ ಬಿಟ್ಟು. ಫೋನ್ ಎತ್ತಲ್ಲ. ಹಾಲಿನವನು ಹೊಗೆ ಅಂದ ತಕ್ಷಣ ನನಗೆ ಗಾಡಿ ನೆನಪಾಗಲಿಲ್ಲ ಅತ್ತಿಗೆ, ಇಲ್ಲಿರಬಹುದಾ ಅಂತ ಅನ್ನಿಸ್ತು. ನೆಪ ಸಿಕ್ತು, ಬಂದೆ.

ಯಾಕೆ ಹೋದ್ರು ಅಂತ ಹೇಳಿದ್ದಾರಾ ನಿಮಗೆ? ಹೇಳಿರಲ್ಲ. ಅದನ್ನ ಹೇಳೋರಲ್ಲ ಅವರು. ನಾನೇ ಹೇಳ್ತೀನಿ, ಕೇಳಿ.

ಅವರಿಗೆ ಬ್ರೇಕ್ ಸೆಟ್ ಮಾಡೋಕೆ ಬರಲ್ಲ. ಯಾವತ್ತೂ ಬಂದಿಲ್ಲ. ಚಕ್ರ ನೆಲದ ಮೇಲೆ ಇರುವಾಗಲೇ, ಪೆಡಲ್ ಕಲ್ಲಾಗೋವರೆಗೂ ಬಿಗೀತಾರೆ. ಗಿರಾಕಿ ಕಾಲಿಟ್ಟು ನೋಡಿ ಭೇಷ್ ಅಂತಾನಲ್ಲ, ಅದು ಸಾಕು ಅವರಿಗೆ. ಮದುವೆಯಾದ ಹೊಸದರಲ್ಲೇ ನೋಡಿದೆ. ಹೇಳೋಕೆ ಬಾಯಿ ಬರಲಿಲ್ಲ. ಮಾವನ ವರ್ಕ್‌ಶಾಪಿಗೆ ಬಂದ ಅಳಿಯ, ಹೆಂಡತಿ ಹತ್ರ ಕಲೀಬೇಕಾ ಅನ್ಕೋತಾರೆ ಅಂತ. ಅವರು ಕೈ ತೊಳೆಯೋಕೆ ನಲ್ಲಿ ಹತ್ರ ಹೋಗ್ತಾರಲ್ಲ, ಆ ಐದು ನಿಮಿಷದಲ್ಲಿ ನಾನು ಗಾಡಿ ಕೆಳಗೆ ನುಗ್ಗಿ ನಟ್ಟು ಸಡಿಲ ಮಾಡ್ತಿದ್ದೆ. ಆ ಕಡೆ, ಈ ಕಡೆ. ಎದ್ದು ಸೀರೆ ಕೊಡವಿಕೊಂಡು ಒಳಗೆ ಹೋಗ್ತಿದ್ದೆ. ಹತ್ತೊಂಬತ್ತು ವರ್ಷ! ಒಂದು ಗಾಡಿ ಬಿಟ್ಟಿಲ್ಲ. ಊರಲ್ಲಿ ಬ್ರೇಕ್ ಅಂದ್ರೆ ಅವರ ಹೆಸರು ಹೇಳ್ತಾರೆ. ನನಗದು ಬೇಜಾರಿರಲಿಲ್ಲ. ನಿಜವಾಗಿ ಇರಲಿಲ್ಲ. ಖುಷಿಯಾಗ್ತಿತ್ತು.

ಒಂದೇ ಒಂದು ಗಾಡಿ ನನ್ನ ಕೈಗೆ ಸಿಗ್ತಿರಲಿಲ್ಲ. ಇದು. ನಿಮ್ಮದು. ಇದನ್ನ ಅವರು ಇಲ್ಲೇ ಬಂದು ಮಾಡ್ತಿದ್ರು. ಅದಕ್ಕೇ ಇದೊಂದೇ ಹೊಗೆಯಾಡಿದ್ದು!

ಹೋದ ವಾರ ಇಟ್ಟಿಗೆ ಗೂಡಿನವರು ಬಂದಿದ್ರು, ಜೊತೆಗೆ ಇನ್ನಿಬ್ಬರು. ಇವರು ಬ್ರೇಕ್ ಬಿಗಿದು ಎದ್ದು ನಿಂತು ಹೇಳ್ತಾರೆ, "ನಮ್ಮಕ್ಕನ ಟ್ರ್ಯಾಕ್ಟರ್ ನೋಡಬೇಕು ನೀವು. ಅದರ ಬ್ರೇಕಿನಂಥ ಬ್ರೇಕ್ ಎಲ್ಲೂ ಇಲ್ಲ. ಹೊಗಳೋದು ಅಂದ್ರೆ ನಮ್ಮಕ್ಕ ಹೊಗಳಬೇಕು, ಇಲ್ಲಿ ಯಾರಿಗೆ ಗೊತ್ತಾಗುತ್ತೆ." ಇಲ್ಲಿ ಯಾರಿಗೆ ಗೊತ್ತಾಗುತ್ತೆ ಅಂತ, ನನ್ನ ಎದುರಿಗೆ! ನಾನು ಆಗ ತಾನೇ ಅವರ ಟೀ ತಂದು ನಿಂತಿದ್ದೆ. ಅಂದುಬಿಟ್ಟೆ. ಮೂರು ಜನ ಗಂಡಸರ ಮುಂದೆ ಅಂದುಬಿಟ್ಟೆ. "ನಿಮ್ಮಕ್ಕನ ಗಾಡಿ ಇವತ್ತಲ್ಲ ನಾಳೆ ಹೊಗೆಯಾಡುತ್ತೆ, ಯಾಕಂದ್ರೆ ಅದೊಂದನ್ನೇ ನಾನು ಮುಟ್ಟಿಲ್ಲ. ಉಳಿದದ್ದೆಲ್ಲ ನೀವು ಕೈ ತೊಳೆಯೋಕೆ ಹೋದಾಗ ನಾನು ಸರಿ ಮಾಡಿದ್ದು" ಅಂತ.

ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಯಾರೂ ನಗಲಿಲ್ಲ. ನಕ್ಕಿದ್ರೆ ಚೆನ್ನಾಗಿರ್ತಿತ್ತು. ಇವರು ಸ್ಪ್ಯಾನರ್ ಒರೆಸಿದ್ರು. ಒರೆಸಿ ಜಾಗದಲ್ಲಿ ಇಟ್ರು. ಚಪ್ಪಲಿ ಹಾಕ್ಕೊಂಡ್ರು. ಅಷ್ಟೇ.

ಹೊಟ್ಟೆಕಿಚ್ಚು ಅತ್ತಿಗೆ. ನಿಮ್ಮ ಮೇಲೆ. ಇವತ್ತಿನದಲ್ಲ, ಹತ್ತೊಂಬತ್ತು ವರ್ಷದ್ದು. ನಾನು ಸರಿ ಮಾಡಿದ ಬ್ರೇಕಿಗೆ ಅವರಿಗೆ ಹೆಸರು ಬಂತು. ನೀವು ಕೆಟ್ಟ ಬ್ರೇಕನ್ನ ಹೊಗಳಿದ್ರಿ, ನಿಮ್ಮ ಹತ್ರ ಓಡಿ ಬಂದ್ರು. ಇದ್ಯಾವ ನ್ಯಾಯ?

ಅಳಬೇಡಿ. ನೀವು ಅತ್ರೆ ನಾನೇನು ಮಾಡಲಿ. ನಿಮಗೂ ಗೊತ್ತಿತ್ತು ಅಲ್ವಾ, ಇದು ಕೆಟ್ಟ ಬ್ರೇಕು ಅಂತ? ದಾರಿ ಮಧ್ಯ ನಿಂತು ನೀರು ಹುಯ್ಯೋಕೆ ಒಂದು ಕೊಡಾನೇ ಇಟ್ಕೊಂಡಿದ್ದೀರಲ್ಲ, ಸೀಟಿನ ಹಿಂದೆ ಕಟ್ಟಿ. ಗೊತ್ತಿದ್ದೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಇಬ್ರೂ ಸೇರಿ ಆ ಮನುಷ್ಯನಿಗೆ ಕಲಿಯೋಕೇ ಬಿಡಲಿಲ್ಲ.

ಈಗ ಅವರು ಇಲ್ಲಿಗೆ ಬಂದು ಏನು ಮಾಡಿದ್ದಾರೆ ನೋಡಿ. ಒಬ್ಬರೇ ಈ ಗಾಡಿ ಕೆಳಗೆ ಮಲಗಿದ್ದಾರೆ. ಎಲ್ಲಿ ತಪ್ಪಿದೆ ಅಂತ ಹುಡುಕಿದ್ದಾರೆ. ಹೊಸ ಪಿನ್ ಹಾಕಿದ್ದಾರೆ. ಏನು ಮಾಡಬೇಕು ಅಂತ ಗೊತ್ತಾಗದೆ… ಇನ್ನಷ್ಟು ಬಿಗಿದಿದ್ದಾರೆ.

ಒಳಗಿದ್ದಾರಾ?

ಹೇಳಬೇಡಿ. ಮಾತು ಕೊಟ್ಟಿದ್ದೀರಿ ಅಂತ ಕಾಣುತ್ತೆ, ಉಳಿಸ್ಕೊಳ್ಳಿ. ಆ ಕಿಟಕಿಯತ್ತ ಮಾತ್ರ ಅಷ್ಟು ನೋಡಬೇಡಿ, ನಿಮಗೆ ಕಳ್ಳತನ ಬರಲ್ಲ.

ಈಗ ನಾನು ಎಡಗಡೆದನ್ನ ಸೆಟ್ ಮಾಡ್ತೀನಿ. ಮಾಡ್ತಾ ಹೇಳ್ತೀನಿ. ನಿಮಗೇ ಹೇಳೋದು ಅತ್ತಿಗೆ, ಸ್ವಲ್ಪ ಜೋರಾಗಿ ಹೇಳ್ತೀನಿ, ನಿಮಗೆ ಕಿವಿ ಮಂದ ಅಂತ ಇಟ್ಕೊಳ್ಳೋಣ. ಚಕ್ರ ನೆಲದಿಂದ ಎತ್ತಿರಬೇಕು! ಎತ್ತದೆ ನಟ್ಟು ಮುಟ್ಟಬಾರದು! ರಾಡ್ ಹಾಕಿ, ಚಕ್ರ ತಿರುಗಿಸ್ತಾ ತಿರುಗಿಸ್ತಾ ಬಿಗೀಬೇಕು. ಚಕ್ರ ನಿಂತೇ ಹೋಗುತ್ತಲ್ಲ, ಅಲ್ಲಿವರೆಗೂ. ಎಲ್ಲರೂ ಅಲ್ಲಿಗೆ ನಿಲ್ಲಿಸ್ತಾರೆ. ನಿಲ್ಲಿಸಬಾರದು. ಅಲ್ಲಿಂದ ಹಿಂದಕ್ಕೆ, ಒಂದೂವರೆ ಸುತ್ತು! ಪೂರ್ತಿ ಒಂದು, ಮೇಲೆ ಅರ್ಧ. ಪೆಡಲ್ ಎರಡು ಬೆರಳು ಸುಮ್ಮನೆ ಹೋಗಬೇಕು, ಚಕ್ರ ಕೈಗೆ ಬರಬೇಕು. ಆಮೇಲೆ ಲಾಕ್ ನಟ್ಟು. ಅಷ್ಟೇ! ಅಷ್ಟೇ ವಿದ್ಯೆ ಅದು. ನಮ್ಮಪ್ಪ ನನಗೆ ಒಂದೇ ಸಲಕ್ಕೆ ಹೇಳಿಕೊಟ್ಟಿದ್ದು. ನಾನು ಹತ್ತೊಂಬತ್ತು ವರ್ಷ ಬಚ್ಚಿಟ್ಕೊಂಡೆ. ಗಂಡನ ಮರ್ಯಾದೆ ಕಾಯ್ತಿದ್ದೀನಿ ಅನ್ಕೊಂಡಿದ್ದೆ. ಅಷ್ಟೇ ಅಲ್ಲ… ಅವರಿಗೆ ಗೊತ್ತಿಲ್ಲದೇ ಇರೋ ಒಂದು ವಿಷಯ ನನ್ನ ಹತ್ರ ಇರಲಿ ಅಂತಾನೂ ಇತ್ತು. ನಿಮ್ಮ ಹತ್ರ ಅವರ ಇಡೀ ಬಾಲ್ಯ ಇತ್ತಲ್ಲ.

ಎಡಗಡೆದು ಆಯ್ತು. ತಳ್ಳಿ ನೋಡಿ, ಬೆಣ್ಣೆ.

ಬಲಗಡೆದು ನಾನು ಮುಟ್ಟಲ್ಲ.

ಯಾಕೆ ಅಂತ ಕೇಳ್ತೀರಾ? ಜಾಕ್ ಇಲ್ಲೇ ಇರುತ್ತೆ, ಟೂಲ್ ಬ್ಯಾಗೂ ಬಿಟ್ಟು ಹೋಗ್ತೀನಿ. ಅದು ಆಗೋವರೆಗೂ ಗಾಡಿ ಹೊರಗೆ ತೆಗೀಬೇಡಿ, ದಮ್ಮಯ್ಯ ಅಂತೀನಿ. ಒಂದು ಕಡೆ ಬಿಟ್ಟು ಒಂದು ಕಡೆ ಹಿಡಿದ್ರೆ ಬ್ರೇಕ್ ಹಾಕಿದಾಗ ಎಳ್ಕೊಂಡು ಹೋಗಿ ಹಳ್ಳಕ್ಕೆ ಹಾಕುತ್ತೆ. ಅವರೇ ಮಾಡಲಿ. ಅವರು ಮುಗಿಸಿ ಕೈ ತೊಳೆಯೋಕೆ ಹೋದಾಗ ಯಾರೂ ಕೆಳಗೆ ನುಗ್ಗಬೇಡಿ. ಆಮೇಲೆ ನೀವು ಓಡಿಸಿ ನೋಡಿ, ಡ್ರಮ್ಮಿಗೆ ನೀರು ಹಾಕಿ ನೋಡಿ. ಚುಂಯ್ ಅಂದ್ರೆ ಚುಂಯ್ ಅಂತು ಅಂತಾನೇ ಹೇಳಿ. ಹೊಗಳಬೇಡಿ ಅತ್ತಿಗೆ, ಕೈ ಮುಗೀತೀನಿ.

ನಾನು ಬರ್ತೀನಿ. ಹನ್ನೊಂದರ ಬಸ್ಸಿದೆ. ಟೀ ಬೇಡ.

ಅತ್ತಿಗೆ… ಒಂದೇ ಮಾತು. ಮಾತಾಡಬೇಡಿ, ತಲೆ ಆಡಿಸಿದ್ರೆ ಸಾಕು. ಊಟ ಮಾಡ್ತಿದ್ದಾರಾ?

ಹೊಟ್ಟೆ ತುಂಬಾ?

…ಸರಿ. ನಿಮ್ಮ ಕೈ ಊಟ ಅಂದ್ರೆ ಈಗಲೂ ನನಗೆ ಉರಿಯುತ್ತೆ. ಆದ್ರೂ ಇನ್ನೊಂದೆರಡು ದಿನ ಬಡಿಸಿ.